ಹನ್ನೆರಡನೆಯ ದಿನದ ಜಾಣ್ಮೆ

ಹಂದಿಯ ವಿಚಾರ ಬಂದರೆ ನಮ್ಮ ಮಾತು ಕೊಚ್ಚೆಯಲ್ಲೇ ನಿಂತುಬಿಡುತ್ತದೆ. ಅದರ ಬಸಿರಿನ ಮೊದಲ ಎರಡು ವಾರಗಳ ಸೊಗಸು ಬಲ್ಲವರು ಮಾತ್ರ ಹಾಗೆ ಮೂಗು ಮುರಿಯಲಾರರು.

ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುವ ಹೆಣ್ಣುಹಂದಿಯ ಅಂಡಾಶಯಗಳು ಒಂದೇ ಸಲಕ್ಕೆ ಸಾಮಾನ್ಯವಾಗಿ 15ರಿಂದ 25 ಅಂಡಾಣುಗಳನ್ನು ಬಿಡುತ್ತವೆ. ಅಂಡಾಣು ಹೊರಟ ಜಾಗದಲ್ಲಿ ಕಾರ್ಪಸ್ ಲೂಟಿಯಂ ಬೆಳೆದು, ಬಸಿರನ್ನು ಕಾಯುವ ಪ್ರೊಜೆಸ್ಟಿರಾನ್ ಹಾರ್ಮೋನನ್ನು ಸ್ರವಿಸುತ್ತದೆ. ಕುರಿಯಲ್ಲಿ ಕೆಲಕಾಲದ ನಂತರ ಈ ಹೊಣೆಯನ್ನು ಮಾಸು ವಹಿಸಿಕೊಳ್ಳುತ್ತದೆ. ಹಂದಿಯಲ್ಲಿ ಸುಮಾರು 114 ದಿನಗಳ ಬಸಿರಿನುದ್ದಕ್ಕೂ ಅಂಡಾಶಯದ್ದೇ ದುಡಿಮೆ.

ಭ್ರೂಣಗಳೂ ಸುಮ್ಮನಿರುವುದಿಲ್ಲ. ಗರ್ಭಕೋಶದ ಎರಡು ಉದ್ದನೆಯ ಕೊಂಬುಗಳಲ್ಲಿ ಆಚೀಚೆ ಸರಿದಾಡಿ, ಪಂಕ್ತಿಗೆ ಎಲೆ ಹಾಕಿದಂತೆ ಅಂತರ ಕಾಯ್ದುಕೊಂಡು ನೆಲೆಸುತ್ತವೆ. 11-12ನೇ ದಿನದ ಹೊತ್ತಿಗೆ ಸುಮಾರು 10 ಮಿಲಿಮೀಟರ್‌ನ ಗುಂಡನೆಯ ಭ್ರೂಣ ಕೆಲವೇ ಗಂಟೆಗಳಲ್ಲಿ 100 ಮಿಲಿಮೀಟರ್ ಮೀರಿದ ಎಳೆಯಾಗುತ್ತದೆ! ಜೊತೆಗೇ ಈಸ್ಟ್ರೋಜನ್ ಸ್ರವಿಸಿ, ತಾನು ಬಂದಿರುವುದನ್ನು ತಾಯಿಗೆ ತಿಳಿಸುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾಗುವುದು ತಾಯಿಯ ಉತ್ತರ. ಕಾರ್ಪಸ್ ಲೂಟಿಯಂ ಅನ್ನು ಕರಗಿಸುವ ಪ್ರೋಸ್ಟಾಗ್ಲಾಂಡಿನ್ ತಯಾರಿಕೆಯನ್ನು ಗರ್ಭಕೋಶ ನಿಲ್ಲಿಸುವುದಿಲ್ಲ. ಅದನ್ನು ರಕ್ತಕ್ಕೆ ಬಿಡದೆ ತನ್ನೊಳಕ್ಕೇ ತಿರುಗಿಸಿಕೊಳ್ಳುತ್ತದೆ. 1977ರಲ್ಲಿ ಸಂಶೋಧಕರಾದ ಬೇಜರ್ ಮತ್ತು ಥ್ಯಾಚರ್ ಮುಂದಿಟ್ಟ ವಿವರಣೆಯಿದು.

ಈ ಹಂತದಲ್ಲಿ ಕನಿಷ್ಠ ನಾಲ್ಕು ಭ್ರೂಣಗಳಾದರೂ ಇರಬೇಕು. ಕಡಿಮೆಯಾದರೆ ಬಸಿರು ನಿಲ್ಲುವುದು ಕಷ್ಟ, ಹಂದಿ ಮತ್ತೆ ಬೆದೆಗೆ ಬರುತ್ತದೆ. ಹಾಗಾಗಿ ಮೂರು ವಾರ ಕಳೆದರೂ ಬೆದೆ ಕಾಣದಿದ್ದರೆ ಸಾಕುವವರಿಗೆ ಅದೇ ಮೊದಲ ಶುಭಸೂಚನೆ.