ಸದನದ ಮಾತನ್ನು ಸವಿಯುವ ಬಗೆ: ತೊರಪಳ್ಳಿಯ ರಾಜಾಜಿಯವರನ್ನು ಮುಂದಿಟ್ಟುಕೊಂಡು ಒಂದು ಕೈಪಿಡಿ

ಶಾಸನಸಭೆಯ ಚರ್ಚೆಯೂ ಸವಿಯಬಹುದಾದ ಒಂದು ಪ್ರಕಾರವೆಂದು ಒಪ್ಪಲು ಕನ್ನಡದ ಓದುಗರು ಸಾಮಾನ್ಯವಾಗಿ ಹಿಂಜರಿಯುತ್ತಾರೆ. ತಾಳಮದ್ದಳೆಯ ವಾದಕ್ಕೆ ಬೆಳಗಿನವರೆಗೆ ಕಿವಿಗೊಡುವ ರಸಿಕರೇ ಸದನದ ನಡಾವಳಿ, ಅಂದರೆ ಅಲ್ಲಿ ಆಡಿದ ಮಾತುಗಳ ಮುದ್ರಿತ ದಾಖಲೆ, ಕೈಗೆ ಬಂದರೆ ಅದು ಗುಮಾಸ್ತರ ಕಡತವೆಂದು ಬದಿಗಿಡುವುದುಂಟು. ಆದರೆ ಎರಡರ ನಡುವಿನ ಹೋಲಿಕೆ ಮೇಲ್ಮೇಲಿನದಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತಿರುತ್ತದೆ. ಸಂಧಿ ಮುರಿಯುತ್ತದೆ, ಕರ್ಣ ಬೀಳುತ್ತಾನೆ. ಆದರೂ ಎದುರಾಳಿಯ ಮಾತಿಗೆ ಅರ್ಥಧಾರಿ, ಅಂದರೆ ಪಾತ್ರದ ಮಾತನ್ನಾಡುವವನು, ಯಾವ ಉತ್ತರ ಕೊಡುತ್ತಾನೆಂಬುದಕ್ಕಾಗಿ ಸಭೆ ಕಾದಿರುತ್ತದೆ. ಬಹುಮತವುಳ್ಳ ಸರ್ಕಾರ ಮಸೂದೆ ಮಂಡಿಸಿದಾಗಲೂ ಕೊನೆ ಮೊದಲೇ ತಿಳಿದದ್ದೇ ಆಗಿದ್ದು, ರಸವೆಲ್ಲ ಉತ್ತರದಲ್ಲಿಯೇ ಇರುತ್ತದೆ.

ಹೊಸೂರು, ಕೃಷ್ಣಗಿರಿ ಸೀಮೆಯ ಓದುಗರಿಗೆ ಈ ಪ್ರಕಾರವನ್ನು ಕಲಿಯಲು ಮನೆಯಂಗಳದಲ್ಲಿಯೇ ಒಂದು ಉದಾಹರಣೆಯಿದೆ. ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ, 1878ರ ಡಿಸೆಂಬರ್ 10ರಂದು ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದರು; ತಂದೆ ಆ ಊರಿನ ಮುನ್ಸೀಫರಾಗಿದ್ದರು. ತಮಿಳು, ತೆಲುಗು, ಕನ್ನಡ ಮೂರೂ ಬೀದಿಯಲ್ಲಿ ಕೇಳಿಬರುವ ಹೊಸೂರಿನಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮುಂದಿನ ಓದು, ಮದರಾಸಿನಲ್ಲಿ ಕಾನೂನು, 1900ರಿಂದ ಸೇಲಂನಲ್ಲಿ ವಕೀಲಿ. 1937ರಿಂದ 1939ರವರೆಗೆ ಮದರಾಸು ಪ್ರಾಂತದ ಪ್ರಧಾನಿಯಾಗಿ (ಆಗ ಪ್ರಾಂತದ ಮುಖ್ಯಮಂತ್ರಿಗೆ ಇದ್ದ ಹೆಸರು ಅದು), 1950ರ ಡಿಸೆಂಬರಿನಲ್ಲಿ ಪಟೇಲರು ತೀರಿಕೊಂಡ ಮೇಲೆ ಕೇಂದ್ರದ ಗೃಹಮಂತ್ರಿಯಾಗಿ, 1952ರಿಂದ 1954ರವರೆಗೆ ಮದರಾಸಿನ ಮುಖ್ಯಮಂತ್ರಿಯಾಗಿ ಅವರು ಆಡಿದ ಮಾತುಗಳು ಸರ್ಕಾರಿ ನಡಾವಳಿಯ ಸಂಪುಟಗಳಲ್ಲಿ ಉಳಿದಿವೆ. ಗವರ್ನರ್ ಜನರಲ್ ಆಗಿದ್ದವರೆಂದು ಅವರನ್ನು ನೆನೆಯುವುದು ರೂಢಿ. ಆದರೆ ಆ ಪೀಠದಲ್ಲಿ ಕುಳಿತವನಿಗೆ ಎದುರು ಮಾತು ಕೇಳಬೇಕಾದ ಪ್ರಮೇಯವಿರಲಿಲ್ಲವಾದ್ದರಿಂದ, ರಸಿಕನಿಗೆ ಆ ಅವಧಿ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ರಂಗಸ್ಥಳದ ಪರಿಚಯವಾಗಬೇಕು. ಜನರು ನೇರವಾಗಿ ಆರಿಸುವ ಸಭೆ ಕೆಳಮನೆ. ಪದವೀಧರರು, ಶಿಕ್ಷಕರು, ಸ್ಥಳೀಯ ಸಂಸ್ಥೆಗಳು, ಕೆಳಮನೆಯ ಸದಸ್ಯರು ಆರಿಸಿದವರೂ ರಾಜ್ಯಪಾಲರು ನಾಮಕರಣ ಮಾಡಿದವರೂ ಕೂಡುವ ವಿಧಾನ ಪರಿಷತ್ತು ಮೇಲ್ಮನೆ. ಇದನ್ನು ಚಿಂತಕರ ಚಾವಡಿಯೆಂದು ಕರೆಯುವುದುಂಟು. ಚಾವಡಿಯಲ್ಲಿ ಚಿಂತಕರೆಷ್ಟು ಮಂದಿ ಎಂಬುದು ಬೇರೆ ಮಾತು. ಕರ್ನಾಟಕದಲ್ಲಿ 75 ಸದಸ್ಯರ ಪರಿಷತ್ತು ಇಂದಿಗೂ ಇದೆ. 1935ರ ಭಾರತ ಸರ್ಕಾರ ಕಾಯ್ದೆಯಿಂದ ಹುಟ್ಟಿದ ಮದರಾಸಿನ ಪರಿಷತ್ತು 1986ರಲ್ಲಿ ರದ್ದಾಯಿತು, ಹೀಗಾಗಿ ಹೊಸೂರಿನ ಮತದಾರನಿಗೆ ಈಗ ಒಂದೇ ಮನೆ. ಮದರಾಸಿನ ಆ ಮೇಲ್ಮನೆಯ ಪೀಠದಲ್ಲಿ 1937ರಲ್ಲಿ ಸಭಾಪತಿಯಾಗಿ ಕುಳಿತವರು ಉಡುಪಿ ಮೂಲದ ಡಾಕ್ಟರ್ ಯು. ರಾಮರಾಯರು ಎಂಬುದನ್ನು ಕನ್ನಡದ ಓದುಗರು ಗಮನಿಸಬಹುದು.

ಇಂಥ ಮನೆಗಳ ಗುಣವನ್ನು ಅರಿಯಲು ಐರ್ಲೆಂಡಿನ ಮೇಲ್ಮನೆಯಾದ ಸೆನೆಟ್ಟಿನ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು, ಏಕೆಂದರೆ ಸಾಹಿತ್ಯ, ಕಲೆ, ವಿಜ್ಞಾನಗಳಲ್ಲಿ ಹೆಸರಾದವರನ್ನು ರಾಜ್ಯಸಭೆಗೆ ನಾಮಕರಣ ಮಾಡುವ ಪದ್ಧತಿಗೆ ಭಾರತದ ಸಂವಿಧಾನಕಾರರು ಆ ದೇಶದ 1937ರ ಸಂವಿಧಾನದಿಂದ ಪ್ರೇರಣೆ ಪಡೆದರು. ಅಲ್ಲಿ 60 ಸದಸ್ಯರು. ಅವರಲ್ಲಿ ಪ್ರಧಾನಿ ನಾಮಕರಣ ಮಾಡುವವರು 11, ಕರ್ನಾಟಕದ ಪರಿಷತ್ತಿನಲ್ಲಿಯೂ ನಾಮಕರಣದ ಸ್ಥಾನಗಳು 11 ಎಂಬುದು ಆಕಸ್ಮಿಕವಾದರೂ ನೆನಪಿಡಲು ಅನುಕೂಲ. ಅದಕ್ಕೂ ಹಿಂದಿನ ಐರಿಷ್ ಸೆನೆಟ್ಟಿನಲ್ಲಿ ಕವಿ ಯೇಟ್ಸ್ 1922ರಿಂದ 1928ರವರೆಗೆ ಸದಸ್ಯರಾಗಿದ್ದು, 1925ರಲ್ಲಿ ವಿವಾಹ ವಿಚ್ಛೇದನಕ್ಕೆ ಅಡ್ಡಿಯೊಡ್ಡುವುದರ ವಿರುದ್ಧ ಅಲ್ಪಸಂಖ್ಯಾತರ ಪರವಾಗಿ ಆಡಿದ ಮಾತು ಇಂದಿಗೂ ಓದಿಗೆ ಒದಗುತ್ತದೆ. ಮೇಲ್ಮನೆಯ ಮಾತಿಗೆ ಸರ್ಕಾರವನ್ನು ಬೀಳಿಸುವ ಶಕ್ತಿಯಿಲ್ಲ. ಐರ್ಲೆಂಡಿನಲ್ಲಿ ಅದು ಮಸೂದೆಯನ್ನು 90 ದಿನ, ಹಣಕಾಸಿನದಾದರೆ 21 ದಿನ ತಡೆಯಬಹುದು, ಭಾರತದ ಪರಿಷತ್ತು ಹಣಕಾಸಿನ ಮಸೂದೆಯನ್ನು 14 ದಿನ ಇಟ್ಟುಕೊಳ್ಳಬಹುದು, ಅಷ್ಟೆ. ಬೆದರಿಸಲಾಗದವನು ಮನವೊಲಿಸಲೇಬೇಕಾಗುವುದರಿಂದ ಈ ಮನೆಯ ಒಳ್ಳೆಯ ಭಾಷಣಗಳಿಗೆ ಬೇರೊಂದು ಹದ ಬರುತ್ತದೆ.

ಹೊಸ ಓದುಗರು ಮಾಡುವ ಮೊದಲ ತಪ್ಪೆಂದರೆ ಭಾಷಣವನ್ನು ಭಾಷಣವಾಗಿ ಓದುವುದು. ಮಸೂದೆಯ ಚರ್ಚೆಗೆ ಮೂರು ಹಂತಗಳಿರುತ್ತವೆ: ಮೊದಲನೆಯದರಲ್ಲಿ ಅದರ ತತ್ತ್ವ ಚರ್ಚೆಗೆ ಬರುತ್ತದೆ, ಎರಡನೆಯದರಲ್ಲಿ ಒಂದೊಂದು ಖಂಡವನ್ನೂ ಬಿಡಿಸಿ ನೋಡಿ ತಿದ್ದುಪಡಿಗಳನ್ನು ಮಂಡಿಸುತ್ತಾರೆ, ಮೂರನೆಯದರಲ್ಲಿ ಇಡೀ ಮಸೂದೆ ಮತಕ್ಕೆ ಹೋಗುತ್ತದೆ. ನಡುವೆ ಅದು ಪರಿಶೀಲನಾ ಸಮಿತಿಗೆ, ಅಂದರೆ ಎಲ್ಲ ಪಕ್ಷಗಳ ಕೆಲವೇ ಸದಸ್ಯರ ಕೋಣೆಗೆ, ಹೋಗಿ ಬರುವುದೂ ಉಂಟು. ಪಳಗಿದ ಓದುಗನು ಮಂತ್ರಿಯ ಮೊದಲ ಭಾಷಣವನ್ನು ಬೇಗ ದಾಟಿ, ಮಂಡನೆಯಾದ ಮಸೂದೆಯನ್ನೂ ಅಂಗೀಕಾರವಾದ ಕಾಯ್ದೆಯನ್ನೂ ಅಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ಪದಗಳು ಬದಲಾಗಿವೆಯೆಂದು ಗುರುತು ಹಾಕಿಕೊಂಡು, ಆ ಬದಲಾವಣೆ ಯಾರ ಯಾವ ಮಾತಿನಿಂದ ಬಂತೆಂದು ಹಿಂದಕ್ಕೆ ಹುಡುಕುತ್ತಾನೆ. ನಡಾವಳಿಯಲ್ಲಿ ಕಂಸದೊಳಗೆ ಬರುವ ನಗು, ಅಡ್ಡಿ, ಗದ್ದಲ ಎಂಬ ಟಿಪ್ಪಣಿಗಳು ಇಲ್ಲಿ ಮೃದಂಗದ ಪೆಟ್ಟಿನಂತೆ ನೆರವಾಗುತ್ತವೆ.

ಈ ವಿಧಾನಕ್ಕೆ 1938ರ ಮದರಾಸು ರೈತರ ಸಾಲ ಪರಿಹಾರ ಕಾಯ್ದೆಗಿಂತ ಒಳ್ಳೆಯ ಅಭ್ಯಾಸ ಸಿಗಲಾರದು. 1930ರ ದಶಕದ ಆರಂಭದಲ್ಲಿ ಬೆಳೆಯ ಬೆಲೆ ಕುಸಿದು, ಬರೆದುಕೊಟ್ಟ ಪ್ರೊನೋಟಿನ ಬಡ್ಡಿ ಮಾತ್ರ ಹಾಗೆಯೇ ಬೆಳೆಯುತ್ತಿದ್ದ ಹೊತ್ತಿನಲ್ಲಿ, ಬಡ್ಡಿ ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ಹಳೆಯ ಧರ್ಮಶಾಸ್ತ್ರೀಯ ನಿಯಮದ ದಾರಿಯಲ್ಲಿಯೇ ಈ ಕಾಯ್ದೆ ಸಾಗಿತು. 1932ರ ಅಕ್ಟೋಬರ್ 1ಕ್ಕೆ ಹಿಂದಿನ ಸಾಲಗಳ ಮೇಲೆ 1937ರ ಅಕ್ಟೋಬರ್ 1ರಂದು ಬಾಕಿಯಿದ್ದ ಬಡ್ಡಿಯೆಲ್ಲ ರದ್ದು. ಅಸಲಿನ ಎರಡರಷ್ಟನ್ನು ಕಟ್ಟಿಯಾಗಿದ್ದರೆ ಸಾಲವೇ ತೀರಿದಂತೆ. 100 ರೂಪಾಯಿ ತಂದ ರೈತ ಅಷ್ಟು ವರ್ಷಗಳಲ್ಲಿ ಬಡ್ಡಿಯೆಂದೇ 140 ರೂಪಾಯಿ ಕೊಟ್ಟಿದ್ದು ಅಸಲು ಹಾಗೆಯೇ ನಿಂತಿದ್ದರೆ, ಎರಡರಷ್ಟಾಗಲು ಉಳಿದ 60 ಮತ್ತು ಅಸಲಿನ ಬಾಕಿ 100, ಇವೆರಡರಲ್ಲಿ ಕಡಿಮೆಯದಾದ 60ನ್ನು ಮಾತ್ರ ಅವನು ಕಟ್ಟಬೇಕಾಗಿತ್ತು. 1932ರ ನಂತರದ ಸಾಲಗಳಿಗೆ ಬೇರೆ ಲೆಕ್ಕವಿತ್ತು.

ಇಂಥ ಕಾಯ್ದೆಯನ್ನು ಸಮರ್ಥಿಸಲು ರೈತನ ಕಣ್ಣೀರನ್ನು ವರ್ಣಿಸುವುದು ಸುಲಭದ ದಾರಿ. ಎದುರಿನ ವಾದವಾದರೋ ಬಲವಾಗಿಯೇ ಇತ್ತು: ಸಾಲ ಕೊಟ್ಟವರೆಲ್ಲ ಸಾವುಕಾರರಲ್ಲ, ಗಂಡ ಬಿಟ್ಟುಹೋದ ನಾಲ್ಕು ಕಾಸನ್ನು ಬಡ್ಡಿಗೆ ಕೊಟ್ಟು ಬದುಕುವ ವಿಧವೆಯರೂ ಇದ್ದಾರೆ, ಬರೆದುಕೊಟ್ಟ ಪತ್ರಕ್ಕೆ ಬೆಲೆಯಿಲ್ಲವೆಂದಾದರೆ ನಾಳೆ ಬಿತ್ತನೆಗೆ ಸಾಲ ಕೊಡುವವರು ಯಾರು ಎಂಬುದು. ರಸಿಕನು ಕಣ್ಣಿಡಬೇಕಾದದ್ದು ಇಲ್ಲಿ. ಬೇರೆ ಆಸ್ತಿಯಿಲ್ಲದ ಹೆಂಗಸರಿಗೆ ಬರಬೇಕಾದ ಸಣ್ಣ ಸಾಲಗಳನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟ ಒಂದು ಖಂಡ ಅದರಲ್ಲಿದೆ. ಎದುರಾಳಿಯ ಮಾತಿನಲ್ಲಿ ನಿಜವಿರುವಷ್ಟನ್ನು ಕಾನೂನಿನ ಪದಗಳಾಗಿಯೇ ಒಪ್ಪಿಕೊಂಡು, ಉಳಿದದ್ದಕ್ಕೆ ಬಗ್ಗದೆ ನಿಲ್ಲುವುದು ಉತ್ತರ ಭಾಷಣದ ಅತ್ಯುತ್ತಮ ರೂಪ. ಅದರ ಮುಂದೆ ಉಪಮೆ, ಗಾದೆ, ವ್ಯಂಗ್ಯಗಳೆಲ್ಲ ಒಗ್ಗರಣೆ. ರಾಜಾಜಿಯವರಲ್ಲಿ ಒಗ್ಗರಣೆಗೇನೂ ಕೊರತೆಯಿರಲಿಲ್ಲ; ಸಣ್ಣ ಕಥೆಗಳನ್ನು ಹೇಳುವುದರಲ್ಲಿಯೂ ಚಿಕ್ಕ ವಾಕ್ಯದಲ್ಲಿ ಚುಚ್ಚುವುದರಲ್ಲಿಯೂ ಅವರು ನಿಪುಣರು. ಆದರೆ ಅವರ ಶೈಲಿಯ ಮೂಲ ಸೇಲಂನ ಕೋರ್ಟು, ಅಂದರೆ ಸಾಕ್ಷಿಯನ್ನು ಒಂದೊಂದೇ ಪ್ರಶ್ನೆಯಿಂದ ಮೂಲೆಗೆ ಒತ್ತುವ ಪಾಟೀಸವಾಲು.

ಪಾನನಿಷೇಧದ ಚರ್ಚೆಯಲ್ಲಿ ಗಮನ ಕೊಡಬೇಕಾದದ್ದು ಬೇರೆ. 1937ರ ಅಕ್ಟೋಬರ್ 1ರಂದು ನಿಷೇಧ ಮೊದಲು ಜಾರಿಯಾದದ್ದು ಸೇಲಂ ಜಿಲ್ಲೆಯಲ್ಲಿ, ಅಂದರೆ ಆಗ ಅದರೊಳಗೇ ಇದ್ದ ಹೊಸೂರು, ಕೃಷ್ಣಗಿರಿಗಳಲ್ಲಿಯೂ. 1925ರಿಂದ ತಿರುಚೆಂಗೋಡಿನ ಬಳಿ ಗಾಂಧಿ ಆಶ್ರಮ ನಡೆಸಿ, ಪಾನನಿಷೇಧಕ್ಕೆಂದೇ ‘ವಿಮೋಚನಂ’ ಎಂಬ ತಮಿಳು ಪತ್ರಿಕೆ ಹೊರಡಿಸಿದ್ದ ಅವರಿಗೆ ಸೇಂದಿ ಅಂಗಡಿಗೂ ಹಳ್ಳಿಯ ಮನೆಯ ಒಲೆಗೂ ಇರುವ ಸಂಬಂಧ ಗೊತ್ತಿದ್ದ ವಿಷಯ. ನೀತಿಯ ಭಾಗವನ್ನು ಅವರು ಸರಾಗವಾಗಿ ಹೇಳಬಲ್ಲರು, ಆದ್ದರಿಂದಲೇ ಅದನ್ನು ಬೇಗ ದಾಟಬಹುದು. ಅಬಕಾರಿ ವರಮಾನ ಹೋದ ಜಾಗಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆ ಎದ್ದಾಗ ಮಾತು ಗಟ್ಟಿಯಾಗುತ್ತದೆ; ಆ ಪ್ರಶ್ನೆಗೆ ಕೊಟ್ಟ ಉತ್ತರವೇ 1939ರ ಸಾಮಾನ್ಯ ಮಾರಾಟ ತೆರಿಗೆ, ದೇಶದಲ್ಲಿ ಆ ಬಗೆಯ ಮೊದಲನೆಯದು. ಒಂದು ಭಾಷಣದಲ್ಲಿ ಬಿಟ್ಟ ಬಿಲ್ಲಿನ ಬಾಣ ಎರಡು ವರ್ಷಗಳ ಮೇಲೆ ಇನ್ನೊಂದು ಮಸೂದೆಯಲ್ಲಿ ನೆಲಕ್ಕೆ ತಾಗುವುದನ್ನು ಕಾಣಲು ಸಂಪುಟದಿಂದ ಸಂಪುಟಕ್ಕೆ ಹೋಗುವ ತಾಳ್ಮೆ ಬೇಕು. ಗಡಿಯಾಚೆಯ ಮೈಸೂರು ಸೀಮೆಯಲ್ಲಿ ನಿಷೇಧವಿಲ್ಲದಿರುವಾಗ ಈಚೆಯ ತಳಿ, ದೆಂಕಣಿಕೋಟೆಗಳಲ್ಲಿ ಅದನ್ನು ಕಾಯುವುದು ಹೇಗೆಂಬ ಪ್ರಶ್ನೆ ಹೊಸೂರಿನ ಓದುಗನಿಗೆ ತಾನಾಗಿಯೇ ಹುಟ್ಟುತ್ತದೆ. ಹಾಗೆ ಸ್ವಂತ ಪ್ರಶ್ನೆಯೊಂದನ್ನು ಕೈಯಲ್ಲಿ ಹಿಡಿದು ನಡಾವಳಿಗೆ ಇಳಿಯುವವನಿಗೆ ಓದು ಸಪ್ಪೆಯಾಗುವುದಿಲ್ಲ.

ಗೃಹಮಂತ್ರಿಯಾಗಿ 1951ರಲ್ಲಿ ಅವರು ಸಂಸತ್ತಿನಲ್ಲಿ ಮುನ್ನಡೆಸಿದ, ಆಕ್ಷೇಪಾರ್ಹ ಬರಹಗಳ ವಿರುದ್ಧದ ಪತ್ರಿಕಾ ಮಸೂದೆಯನ್ನು ಅಭಿಮಾನಿಗಳು ಸಾಮಾನ್ಯವಾಗಿ ಮರೆಯಲು ಬಯಸುತ್ತಾರೆ. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ, ಪ್ರಜೆಯ ಪ್ರತಿ ಹೆಜ್ಜೆಗೂ ಪರವಾನಗಿ ಕೇಳುವ ಸರ್ಕಾರವನ್ನು ಹಳಿದವರೇ ಹಿಂದೆ ಪತ್ರಿಕೆಗಳಿಗೆ ಕಡಿವಾಣ ಹಾಕಲು ವಾದಿಸಿದ್ದರೆಂಬುದು ಅವರ ಮಾತುಗಾರಿಕೆಯ ಬಲವನ್ನೂ ಅಪಾಯವನ್ನೂ ಒಟ್ಟಿಗೆ ತೋರಿಸುತ್ತದೆ.

ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಕೂರಬೇಕಾದ ಸಂಪುಟ 1953ರದು. ಹಿಂದಿನ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 375ರಲ್ಲಿ 152 ಸ್ಥಾನಗಳಷ್ಟೇ ಬಂದಿದ್ದವು. ಚುನಾವಣೆಗೆ ನಿಲ್ಲದ ರಾಜಾಜಿಯವರನ್ನು ರಾಜ್ಯಪಾಲ ಶ್ರೀಪ್ರಕಾಶರು ಪರಿಷತ್ತಿಗೆ ನಾಮಕರಣ ಮಾಡಿ ಸರ್ಕಾರ ರಚಿಸಲು ಕರೆದರು. ಮೇಲ್ಮನೆಯ ನಾಮಕರಣ ಸದಸ್ಯನೊಬ್ಬ ಕೆಳಮನೆಯ ವಿಶ್ವಾಸದ ಮೇಲೆ ರಾಜ್ಯವಾಳುವ ಈ ವಿಚಿತ್ರ ಸ್ಥಿತಿಯಲ್ಲಿ ಪ್ರಾಥಮಿಕ ಶಿಕ್ಷಣದ ಪರಿಷ್ಕೃತ ಯೋಜನೆ ಬಂತು. ಹಳ್ಳಿಯ ಶಾಲೆಗಳು ಎರಡು ಪಾಳಿಯಲ್ಲಿ ನಡೆಯಬೇಕು, ಒಂದೊಂದು ಪಾಳಿಗೆ ಮೂರು ಗಂಟೆ, ಉಳಿದ ಹೊತ್ತಿನಲ್ಲಿ ಮಗು ಮನೆಯ ಕಸುಬನ್ನು ಕಲಿಯಬೇಕು. ಇದ್ದ ಶಿಕ್ಷಕರು, ಇದ್ದ ಕಟ್ಟಡಗಳಲ್ಲಿಯೇ ಎರಡರಷ್ಟು ಮಕ್ಕಳಿಗೆ ಪಾಠವಾಗುತ್ತದೆಯೆಂಬ ಲೆಕ್ಕ ಸರ್ಕಾರದ್ದು. ಅಂಬಟ್ಟನ ಮಗ ಅಂಬಟ್ಟನಾಗಿಯೇ ಉಳಿಯಬೇಕೇ ಎಂಬ ಪ್ರಶ್ನೆ ಎದುರಿನವರದು. ಅವರು ಅದಕ್ಕೆ ಕುಲಕಲ್ವಿ, ಅಂದರೆ ಕುಲವಿದ್ಯೆ, ಎಂದು ಹೆಸರಿಟ್ಟರು. ಆ ಒಂದೇ ಪದಕ್ಕೆ ಸರಿಸಾಟಿಯಾದ ಪದವನ್ನು ಸರ್ಕಾರದ ಕಡೆಯ ಯಾರೂ ಕಂಡುಕೊಳ್ಳಲಿಲ್ಲ.

ಸಾಲದ ಕಾಯ್ದೆಯ ಪಕ್ಕದಲ್ಲಿ ಇದನ್ನಿಟ್ಟು ಓದಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಮಸೂದೆಯಿತ್ತು, ಖಂಡಗಳಿದ್ದವು, ವಿಧವೆಯ ಮಾತಿಗೆ ಒಂದು ಖಂಡದಷ್ಟು ಜಾಗ ಸಿಕ್ಕಿತು. ಇಲ್ಲಿ ಯೋಜನೆ ಸರ್ಕಾರಿ ಆದೇಶವಾಗಿ ಮೊದಲೇ ಹೊರಟಿದ್ದು, ಸದನಕ್ಕೆ ಬಂದದ್ದು ಆಮೇಲೆ; ತಿದ್ದಲು ಪಠ್ಯವೇ ಇಲ್ಲದ ಚರ್ಚೆಯಲ್ಲಿ ಬೇಕು ಅಥವಾ ಬೇಡ ಎಂಬೆರಡು ಮಾತುಗಳಷ್ಟೇ ಉಳಿದವು. ಯೋಜನೆಯಲ್ಲಿದ್ದ ಮಿತವ್ಯಯದ ಜಾಣತನ ಏನೇ ಇರಲಿ, ಎದುರಾಳಿಗೆ ಒಪ್ಪಿಕೊಡಲು ಏನನ್ನೂ ಉಳಿಸಿಕೊಳ್ಳದ ವಾದಿ ಎಷ್ಟೇ ಚತುರನಾದರೂ ಬರಿಗೈಯಲ್ಲಿ ನಿಂತಿರುತ್ತಾನೆ. 1953ರ ಜುಲೈಯಲ್ಲಿ ವಿಧಾನಸಭೆ ಯೋಜನೆಯನ್ನು ತಡೆಹಿಡಿಯುವಂತೆ ಕೂದಲೆಳೆಯ ಅಂತರದಲ್ಲಿ ನಿರ್ಣಯಿಸಿತು. ಪರುಳೇಕರ್ ಸಮಿತಿ ಅದನ್ನು ಪರಿಶೀಲಿಸಿತು. 1954ರ ಏಪ್ರಿಲಿನಲ್ಲಿ ಕಾಮರಾಜರು ಮುಖ್ಯಮಂತ್ರಿಯಾಗಿ, ಬೇಗನೆ ಯೋಜನೆಯನ್ನು ಕೈಬಿಟ್ಟರು.

ಆ ಸಂಪುಟವನ್ನು ತೆರೆಯುವವರು ಭಾಷಣಗಳು ಮುಗಿದ ಮೇಲಿನ ಪುಟಗಳನ್ನೂ ಬಿಡಬಾರದು. ಸಂವಿಧಾನದ 177ನೆಯ ವಿಧಿಯಂತೆ ಮಂತ್ರಿಯಾದವನು ಎರಡು ಮನೆಗಳಲ್ಲಿಯೂ ಮಾತನಾಡಬಹುದು, ಆದರೆ ಮತ ಹಾಕಲು ತಾನು ಸದಸ್ಯನಾಗಿರುವ ಮನೆಯಲ್ಲಿ ಮಾತ್ರ ಹಕ್ಕು. ಒಂದೊಂದು ಮತವೂ ತೂಗಿದ ಆ ದಿನ, ಪರವಾಗಿ ಎಣಿಸಿದವರಲ್ಲಾಗಲಿ ವಿರುದ್ಧವಾಗಿ ಎಣಿಸಿದವರಲ್ಲಾಗಲಿ ಯೋಜನೆಯ ಕರ್ತೃವಾದ ಪರಿಷತ್ತಿನ ಸದಸ್ಯರು ಇರುವಂತಿರಲಿಲ್ಲ.