ಉತ್ತಮ ಪುರುಷನ ಮುಖಪುಟ

ಪತ್ರಿಕೆಯ ಲೇಖನವನ್ನು ಮೆಚ್ಚುತ್ತೇವೆ, ತೆಗಳುತ್ತೇವೆ. ಅದರ ಮುಖಪುಟವನ್ನು ವಿಮರ್ಶೆಯ ವಸ್ತುವೆಂದು ಎಣಿಸುವುದು ಅಪರೂಪ. ಆದರೆ ಯಾವ ಸುದ್ದಿ ಮೇಲಿರಬೇಕು, ಯಾವುದು ಕೆಳಗಿರಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿದವನೂ ಒಂದು ರಚನೆಯನ್ನೇ ಮಾಡಿರುತ್ತಾನೆ. ಆ ತೀರ್ಮಾನವನ್ನು ಓದುಗನ ಕೈಗೇ ಒಪ್ಪಿಸಿಬಿಟ್ಟರೆ ಏನಾದೀತು? ಅಂತರಜಾಲದ ಶೋಧಯಂತ್ರಗಳು ಒಂದು ಕಾಲದಲ್ಲಿ ಈ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದವು. ಅವುಗಳಲ್ಲಿ ಹೆಸರಾದದ್ದು ಮುಚ್ಚಿಹೋಗಿ ಹತ್ತು ವರ್ಷದ ಮೇಲಾಯಿತು. ಗದ್ದಲ ಅಡಗಿದ ಮೇಲೆ ಗುಣದೋಷಗಳನ್ನು ತೂಗುವುದು ಸುಲಭ.

1995ರಲ್ಲಿ ನಿಕೊಲಸ್ ನೆಗ್ರೊಪಾಂಟೆಯವರು 'ಬೀಯಿಂಗ್ ಡಿಜಿಟಲ್' ಎಂಬ ಪುಸ್ತಕದಲ್ಲಿ ಒಬ್ಬನೇ ಓದುಗನಿಗಾಗಿ ಸಿದ್ಧವಾಗುವ ಪತ್ರಿಕೆಯ ಮಾತೆತ್ತಿ, ಅದನ್ನು 'ಡೈಲಿ ಮಿ' ಎಂದು ಕರೆದರು. 'ದಿನಂಪ್ರತಿ ನಾನು' ಎಂದು ನಾವು ಹೇಳಬಹುದು. ಮರುವರ್ಷವೇ ಯಾಹೂ ಸಂಸ್ಥೆ 'ಮೈ ಯಾಹೂ' ಎಂಬ ಪುಟವನ್ನು ತೆರೆಯಿತು. ಗೂಗಲ್ ಬಂದದ್ದು ತಡವಾಗಿ. ಅದರ ಮೊದಲ ಪುಟ ಸುಣ್ಣ ಬಳಿದ ಬರಿಗೋಡೆಯಂಥದು. ಹೆಸರೊಂದು, ಹುಡುಕುವ ಪೆಟ್ಟಿಗೆಯೊಂದು, ಅಷ್ಟೆ. 2005ರ ಮೇ ತಿಂಗಳಲ್ಲಿ ಆ ಗೋಡೆಗೆ ಮೊಳೆ ಹೊಡೆದುಕೊಳ್ಳಲು ಓದುಗನಿಗೆ ಅಪ್ಪಣೆ ದೊರೆಯಿತು. 2007ರ ಏಪ್ರಿಲ್ 30ರಂದು ಈ ಪುಟಕ್ಕೆ 'ಐಗೂಗಲ್' ಎಂದು ನಾಮಕರಣವಾಯಿತು. ಇಂಗ್ಲಿಷಿನ 'ಐ' ಎಂದರೆ ನಾನು. ನಮ್ಮ ವ್ಯಾಕರಣದ ಉತ್ತಮ ಪುರುಷ. ಅಲ್ಲಿ ಅವನೇ ಯಜಮಾನನೆಂದು ಹೆಸರೇ ಸಾರುತ್ತಿತ್ತು.

ಅದರ ವಿಧಾನ ಸರಳ. ಮೇಲೆ ಹುಡುಕುವ ಪೆಟ್ಟಿಗೆ. ಕೆಳಗೆ ಅಂಕಣಗಳಲ್ಲಿ ಸಣ್ಣ ಸಣ್ಣ ಚೌಕಗಳು. ಇವಕ್ಕೆ 'ಗ್ಯಾಜೆಟ್' ಎಂದು ಹೆಸರು. ಹವಾಮಾನ, ಗಡಿಯಾರ, ಅಂಚೆ, ಸುದ್ದಿಯ ಶೀರ್ಷಿಕೆಗಳು — ಬೇಕಾದದ್ದನ್ನು ಆರಿಸಿ, ಮೌಸಿನಿಂದ ಎಳೆದು, ಬೇಕಾದಲ್ಲಿ ಕೂರಿಸಬಹುದಿತ್ತು. ಜಾಲತಾಣವೊಂದು ತನ್ನ ಹೊಸ ಬರಹಗಳ ಪಟ್ಟಿಯನ್ನು 'ಫೀಡ್' ರೂಪದಲ್ಲಿ ಕೊಡುತ್ತಿದ್ದರೆ ಅದಕ್ಕೂ ಒಂದು ಚೌಕ ಸಿಗುತ್ತಿತ್ತು. ಹೀಗಾಗಿ ಜಗತ್ಪ್ರಸಿದ್ಧ ಸುದ್ದಿಸಂಸ್ಥೆಯ ಪಕ್ಕದಲ್ಲೇ ಕನ್ನಡದ ಬ್ಲಾಗೊಂದು ಸರಿಸಮನಾಗಿ ಕೂರಬಹುದಾಗಿತ್ತು. 2007ರಲ್ಲಿ ಅಲಂಕಾರದ ಚಿತ್ರಗಳೂ ಸೇರಿದವು. ಒಂದರಲ್ಲಿ ಚಹಾಮನೆಯ ನರಿಯೊಂದು ಓದುಗನ ಊರಿನ ಹೊತ್ತಿಗೆ ತಕ್ಕಂತೆ ತನ್ನ ದಿನಚರಿ ನಡೆಸುತ್ತಿತ್ತು. ಮರುವರ್ಷ ಜೆಫ್ ಕೂನ್ಸ್‌ರಂಥ ಕಲಾವಿದರ ಚಿತ್ರಗಳೂ ಬಂದವು.

ನಾನೂ ಕೆಲವು ಕಾಲ ಅಂಥ ಪುಟವೊಂದನ್ನು ಇಟ್ಟುಕೊಂಡಿದ್ದೆ. ಎಡಗಡೆ ಬೆಂಗಳೂರಿನ ಹವಾಮಾನ, ಅದರ ಕೆಳಗೆ ಮಗಳಿರುವ ಊರಿನ ಗಡಿಯಾರ, ನಡುವೆ ಎರಡು ಪತ್ರಿಕೆಗಳ ಶೀರ್ಷಿಕೆ, ಬಲಗಡೆ ಪುಸ್ತಕಗಳ ಬಗ್ಗೆ ಬರೆಯುವ ನಾಲ್ಕಾರು ಬ್ಲಾಗುಗಳು. ಸ್ನೇಹಿತರೊಬ್ಬರ ಪುಟದಲ್ಲಿ ಕ್ರಿಕೆಟ್ಟು, ಷೇರುಪೇಟೆ ಎರಡೇ. ಅವರ ಮನೆಯ ನಡುಕೋಣೆಗೂ ಈ ಪುಟಕ್ಕೂ ನಿಕಟ ಹೋಲಿಕೆಯಿತ್ತು. ಈ ಏರ್ಪಾಡಿನ ಮುಖ್ಯ ಗುಣ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಬೇಕಾದದ್ದನ್ನು ಆರಿಸಲು ಕುಳಿತವನು ತನಗೆ ಬೇಕಾದದ್ದೇನು ಎಂದು ಒಮ್ಮೆಯಾದರೂ ಯೋಚಿಸಲೇಬೇಕು. ನನ್ನ ಪುಟದಲ್ಲಿ ಷೇರುಪೇಟೆ ಇರಲಿಲ್ಲ. ಬಿಟ್ಟವನು ನಾನೇ ಆದ್ದರಿಂದ ಇಲ್ಲವೆಂಬುದು ನನಗೆ ಗೊತ್ತಿತ್ತು. ಪುಟ ಕಿರಿದಾಗಿದ್ದರೆ ಅದು ನನ್ನ ಅಭಿರುಚಿಯ ಕಿರಿದುತನ, ಎಲ್ಲೆ ಕಣ್ಣಿಗೆ ಕಾಣುವಂತಿತ್ತು.

ಇನ್ನು ದೋಷಗಳು. ಒಂದು ಭಾನುವಾರ ಉತ್ಸಾಹದಿಂದ ಆರಿಸಿದ್ದು ವರ್ಷಗಟ್ಟಲೆ ಹಾಗೆಯೇ ನಿಂತುಬಿಡುವುದುಂಟು. ಬ್ಲಾಗು ಬರೆಯುವವನು ಬರೆಯುವುದನ್ನು ನಿಲ್ಲಿಸಿದರೂ ಅವನ ಚೌಕ ಹಳೆಯ ಕ್ಯಾಲೆಂಡರಿನಂತೆ ನೇತಾಡುತ್ತಿರುತ್ತದೆ. ಇದಕ್ಕಿಂತ ಗಂಭೀರವಾದ ಆಕ್ಷೇಪವನ್ನು ಅಮೆರಿಕದ ಕಾನೂನು ಪಂಡಿತ ಕ್ಯಾಸ್ ಸನ್‌ಸ್ಟೀನ್ ಅವರು 2001ರಷ್ಟು ಹಿಂದೆಯೇ ಎತ್ತಿದ್ದರು. ತಾವು ಬಯಸದ, ಎದುರು ನೋಡದ ಸಂಗತಿಗಳೂ ಜನರ ಕಣ್ಣಿಗೆ ಬೀಳುತ್ತಿರಬೇಕು, ಇಲ್ಲವಾದರೆ ಪ್ರಜಾಪ್ರಭುತ್ವ ಸೊರಗುತ್ತದೆ ಎಂಬುದು ಅವರ ವಾದ. ಒಪ್ಪತಕ್ಕ ಮಾತು. ನಾವು ನೇರವಾಗಿ ಕ್ರೀಡಾಪುಟಕ್ಕೆ ಹಾರುವವರಾದರೂ, ಪುಟ ತಿರುವುವಾಗ ಎಲ್ಲೋ ನೆರೆ ಬಂದದ್ದು, ಯಾರೋ ಮುಷ್ಕರ ಹೂಡಿದ್ದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಉತ್ತಮ ಪುರುಷನ ಪುಟದಲ್ಲಿ ಮಧ್ಯಮ ಪುರುಷನಿಗೂ ಪ್ರಥಮ ಪುರುಷನಿಗೂ ಕರೆಯಿಲ್ಲದೆ ಪ್ರವೇಶವಿರಲಿಲ್ಲ.

ಎರಡನೆಯ ದೋಷ ಯಜಮಾನಿಕೆಗೆ ಸಂಬಂಧಪಟ್ಟದ್ದು. 2008ರ ಅಕ್ಟೋಬರಿನಲ್ಲಿ ಪುಟದ ಮೇಲ್ಗಡೆಯಿದ್ದ ವಿಭಾಗಗಳ ಪಟ್ಟಿ ಎಡಕ್ಕೆ ಸರಿಯಿತು. ಹಳೆಯ ಕ್ರಮವನ್ನು ಇಟ್ಟುಕೊಳ್ಳುವ ಆಯ್ಕೆಯಿರಲಿಲ್ಲ. ಬಳಕೆದಾರರು ಬಹಳ ಮಂದಿ ಪ್ರತಿಭಟಿಸಿದರು. ಬಾಡಿಗೆ ಮನೆಯ ಗೋಡೆಗೆ ನಮಗೆ ಬೇಕಾದ ಬಣ್ಣ ಬಳಿಯಬಹುದು, ಗೋಡೆಯನ್ನೇ ಸರಿಸುವ ಅಧಿಕಾರ ಮಾಲೀಕನದು. 2012ರ ಜುಲೈನಲ್ಲಿ ಮನೆ ಖಾಲಿ ಮಾಡುವ ಸೂಚನೆಯೂ ಬಂತು. ಕ್ರೋಮ್, ಆಂಡ್ರಾಯ್ಡ್‌ಗಳ ಮೇಲೆ ನಡೆಯುವ ಹೊಸ ಸಾಧನಗಳಿಂದಾಗಿ ಇಂಥ ಪುಟದ ಅಗತ್ಯ ಕ್ಷೀಣಿಸಿದೆ ಎಂಬುದು ಕೊಟ್ಟ ಕಾರಣ. 2013ರ ನವೆಂಬರ್ 1ರಂದು ಐಗೂಗಲ್ ಮುಚ್ಚಿತು. ಸುಮಾರು 16 ತಿಂಗಳ ವಾಯಿದೆ ಕೊಟ್ಟದ್ದು ಸೌಜನ್ಯವೇ ಸರಿ. ಆದರೂ ಉತ್ತಮ ಪುರುಷ ಬಾಡಿಗೆದಾರನೆಂಬುದು ಅಂದು ಸ್ಪಷ್ಟವಾಯಿತು.

ಅದರ ಜಾಗಕ್ಕೆ ಬಂದದ್ದೇನು? ಅಂಗೈಯ ಫೋನು, ಅದರಲ್ಲಿ ತಾನಾಗಿಯೇ ಹರಿದುಬರುವ ಸುದ್ದಿಯ ಸಾಲು. ಗೂಗಲಿನ ಅಂಥ ಸಾಲಿಗೆ 2018ರಲ್ಲಿ 'ಡಿಸ್ಕವರ್' ಎಂದು ಹೆಸರಾಯಿತು. ನಾವು ಏನನ್ನು ಹುಡುಕಿದೆವು, ಏನನ್ನು ತೆರೆದೆವು ಎಂಬುದನ್ನು ಗಮನಿಸಿ ಯಂತ್ರವೇ ಊಹಿಸಿ ಬಡಿಸುತ್ತದೆ. ಊಹೆ ಎಷ್ಟೋ ವೇಳೆ ಸರಿಯಾಗಿಯೇ ಇರುತ್ತದೆ; ಶ್ರಮವಂತೂ ಇಲ್ಲ. ಬೇಡವೆನ್ನಲು, ವಿಷಯವೊಂದನ್ನು ಹಿಂಬಾಲಿಸಲು ಗುಂಡಿಗಳೂ ಉಂಟು. ಆದರೆ ಜೋಡಣೆಯ ಕೈ ಈಗ ನಮ್ಮದಲ್ಲ. 2011ರಲ್ಲಿ 'ದಿ ಫಿಲ್ಟರ್ ಬಬಲ್' ಬರೆದ ಎಲೈ ಪರೈಸರ್ ಅವರು ಎಚ್ಚರಿಸಿದ್ದು ಇದನ್ನೇ: ಬಿಟ್ಟುಹೋದದ್ದು ಯಾವುದೆಂದೇ ಓದುಗನಿಗೆ ತಿಳಿಯುವುದಿಲ್ಲ. ನಮ್ಮ ಕಿರಿದುತನ ಹಾಗೆಯೇ ಉಳಿದಿದೆ, ಅದರ ಎಲ್ಲೆ ಮಾತ್ರ ಕಣ್ಮರೆಯಾಗಿದೆ. ಒಮ್ಮೆ ರೋಗದ ಹೆಸರೊಂದನ್ನು ಹುಡುಕಿದವನಿಗೆ ವಾರವೆಲ್ಲ ರೋಗದ ಸುದ್ದಿಯೇ ಬಂದರೆ, ಅದು ಅವನು ಕೇಳಿದ್ದೆಂದು ಹೇಳಬಹುದೆ? ಹಿಂದೆ ಅವನು ಆರಿಸುತ್ತಿದ್ದ. ಈಗ ಅವನ ಚಟವನ್ನೂ ಭಯವನ್ನೂ ನೋಡಿ ಇನ್ನೊಬ್ಬರು ಆರಿಸುತ್ತಾರೆ.

ಐಗೂಗಲ್ ಮಹತ್ತರ ಸೃಷ್ಟಿಯೆಂದು ನಾನು ಹೇಳಲಾರೆ. ಬಣ್ಣದ ಚೌಕಗಳ ಆ ಪುಟದಲ್ಲಿ ಬಾಲಿಶತನವೂ ಇತ್ತು. ಆದರೆ ಅದು ಓದುಗನನ್ನು ಆಯ್ಕೆ ಮಾಡಬಲ್ಲವನೆಂದು ಗೌರವಿಸಿತು. ಆ ಗೌರವವನ್ನು ಉಳಿಸಿಕೊಳ್ಳುವ ದಾರಿ ಪೂರ್ತಿ ಮುಚ್ಚಿಲ್ಲ: ಫೀಡುಗಳನ್ನು ಕೊಡುವ ತಾಣಗಳು ಇಂದಿಗೂ ಇವೆ, ಅವುಗಳನ್ನು ಒಟ್ಟುಗೂಡಿಸಿ ಓದುವ ಸಾಧನಗಳೂ ಇವೆ. ಒಂದು ಸಂಜೆ ಕುಳಿತು ತನ್ನ ಪುಟವನ್ನು ತಾನೇ ಜೋಡಿಸಿಕೊಳ್ಳುವ ಶ್ರಮ ಓದುಗನದು. ಅದರ ಜೊತೆಗೆ, ತಾನು ಬಯಸದೆ ಇದ್ದದ್ದನ್ನೂ ಬಾಗಿಲಿಗೆ ತರುವ ದಿನಪತ್ರಿಕೆಯೊಂದನ್ನು ಉಳಿಸಿಕೊಂಡರೆ ಸನ್‌ಸ್ಟೀನ್‌ರ ಆಕ್ಷೇಪಕ್ಕೂ ಉತ್ತರ ಕೊಟ್ಟಂತಾದೀತು.