ಬೀಗದೊಳಗಿನ ವಿದ್ಯೆ

ಹಾಸನದಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬಾಳ್ಳುಪೇಟೆಯ ಸುತ್ತ ಕಾಫಿ ತೋಟಗಳಿವೆ, ಗದ್ದೆಗಳಿವೆ, ಅವುಗಳ ನಡುವೆ ಕಾಡಾನೆಗಳೂ ಇವೆ. ಬೆಳಿಗ್ಗೆ ತೋಟದ ಕೆಲಸಕ್ಕೆ ಹೊರಡುವವರಿಗೆ ಆನೆ ಎಲ್ಲಿದೆ ಎಂಬುದು ಜೀವದ ಪ್ರಶ್ನೆ. ಇದರ ಬಗ್ಗೆ ಸಂಶೋಧನೆ ನಡೆದಿಲ್ಲವೆಂದಲ್ಲ. ಆಲೂರು–ಸಕಲೇಶಪುರ ಭಾಗದ ಆನೆ-ಮಾನವ ಸಂಘರ್ಷ ವರ್ಷಗಳಿಂದ ವಿದ್ವಾಂಸರ ಅಧ್ಯಯನದ ವಸ್ತು. ಮಾಹಿತಿ ಕೊಟ್ಟವರು ಇಲ್ಲಿನ ಜನ. ಆದರೆ ಬರೆದದ್ದು ಹಣ ತೆತ್ತು ಓದಬೇಕಾದ ನಿಯತಕಾಲಿಕೆಯಲ್ಲಿ ಅಚ್ಚಾದರೆ ಮಾಹಿತಿ ಕೊಟ್ಟವರೇ ಅದರಿಂದ ಹೊರಗುಳಿಯುತ್ತಾರೆ.

ಸಂಶೋಧನೆ ಎಲ್ಲರಿಗೂ ಉಚಿತವಾಗಿ ಸಿಗಬೇಕೆಂಬ ಮುಕ್ತ ಪ್ರವೇಶದ ಘೋಷಣೆ ಬುಡಾಪೆಸ್ಟ್‌ನಿಂದ ಹೊರಟದ್ದು 2002ರಲ್ಲಿ. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ವಿಜ್ಞಾನಿಗಳ ಬರಹಗಳಿಗೆ ಅಂತರ್ಜಾಲದಲ್ಲಿ ಭಂಡಾರವೊಂದನ್ನು ತೆರೆದು ದೇಶಕ್ಕೆ ದಾರಿ ತೋರಿಸಿತು. ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಯಾರು ಬೇಕಾದರೂ ಓದುವಂತೆ ಮಾಡಿದ 'ಶೋಧಗಂಗಾ' ಕೂಡ ಅದೇ ದಾರಿಯದು.

ಆದರೆ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆ ಹಿಡಿದದ್ದು ಬೇರೆ ದಾರಿ. 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು. ಸುಮಾರು 6,300 ಸರ್ಕಾರಿ ಸಂಸ್ಥೆಗಳಿಗೆ ಲಾಭ. ಜಿಲ್ಲೆಯ ಸಾಮಾನ್ಯ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ನಗರದ ವಿದ್ಯಾರ್ಥಿ ಓದುವುದೇ ಸಿಗುವುದಾದರೆ ಅದು ಸಣ್ಣ ಮಾತಲ್ಲ. ಅದನ್ನು ನಾವು ಸ್ವಾಗತಿಸುತ್ತೇವೆ.

ಹಾಗಿದ್ದೂ ಒಂದು ಮಾತು ಹೇಳಲೇಬೇಕು. ಚಂದಾ ಕಟ್ಟುವುದೆಂದರೆ ಬೀಗ ತೆಗೆಯುವುದಲ್ಲ, ಬೀಗದ ಕೈಯನ್ನು ಬಾಡಿಗೆಗೆ ತರುವುದು. ಹಣ ನಿಂತ ದಿನ ಬಾಗಿಲು ಮತ್ತೆ ಮುಚ್ಚುತ್ತದೆ. ಸಂಶೋಧನೆಗೆ ಹಣ ಕೊಟ್ಟವರು ಜನ, ಸಂಶೋಧಕರಿಗೆ ಸಂಬಳ ಕೊಡುವವರೂ ಜನ. ಅದೇ ಬರಹವನ್ನು ಓದಲು ಮತ್ತೆ ಬೆಲೆ ತೆರುವವರೂ ಅವರೇ. ಇಷ್ಟಾದರೂ ಕಾಲೇಜಿನ ಗುರುತಿನ ಚೀಟಿ ಇಲ್ಲದ ಬೆಳೆಗಾರ, ಪತ್ರಕರ್ತ, ಸ್ವತಂತ್ರ ಅಧ್ಯಯನಕಾರ ಹೊರಗೇ ಇರುತ್ತಾರೆ.

ಬಾಗಿಲು ತೆರೆದರೆ ಏನಾಗುತ್ತದೆಂಬುದಕ್ಕೆ ಇಲ್ಲೇ ಉದಾಹರಣೆಯಿದೆ. ಹೈಕೋರ್ಟ್ ಆದೇಶದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ವಿಜ್ಞಾನಿ ರಾಮನ್ ಸುಕುಮಾರ್ ಅದರ ಅಧ್ಯಕ್ಷರು. ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂಬುದು ಅದರ ಶಿಫಾರಸುಗಳಲ್ಲೊಂದು. ವರದಿ ಯಾರಿಗೆ ಬೇಕಾದರೂ ಸಿಗುವುದರಿಂದಲೇ ಅದನ್ನು ಒಪ್ಪಲು, ಟೀಕಿಸಲು, ಜಾರಿಯಾಗಿದೆಯೇ ಎಂದು ಕೇಳಲು ಸಾಧ್ಯ. ಆದರೆ ಅದು ಬರೆದಿರುವುದು ಇಂಗ್ಲಿಷಿನಲ್ಲಿ. ಬೆಲೆಯ ಬೀಗ ತೆಗೆದ ಮೇಲೂ ಭಾಷೆಯ ಬೀಗ ಉಳಿಯಿತು.

ಹೊಸ ಕಾನೂನಿಗೆ ಕಾಯದೆ ವಿಶ್ವವಿದ್ಯಾಲಯಗಳು ಎರಡು ಕೆಲಸ ಮಾಡಬಹುದು. ಪ್ರಕಾಶಕರ ನಿಯಮ ಅನುಮತಿಸುವಲ್ಲೆಲ್ಲ ಪ್ರಬಂಧದ ಲೇಖಕ ಪ್ರತಿಯನ್ನು ತಮ್ಮ ಗ್ರಂಥಾಲಯದ ಭಂಡಾರದಲ್ಲಿ ಇಡಲಿ. ಜನರ ನಡುವೆ ನಡೆಸಿದ ಪ್ರತಿ ಅಧ್ಯಯನಕ್ಕೂ ಎರಡು ಪುಟದ ಕನ್ನಡ ಸಾರಾಂಶ ಬರೆಸಿ ತಾಲೂಕು ಗ್ರಂಥಾಲಯಕ್ಕೆ ಕಳಿಸಲಿ. ಜನರಿಂದ ಪಡೆದ ತಿಳಿವನ್ನು ಜನರಿಗೆ ಮರಳಿಸುವುದು ಉಪಕಾರವಲ್ಲ, ಸಾಲ ತೀರಿಸುವುದು.